ಗ್ರಾಂ ಅಲ್ಲ ಸ್ವಾಮಿ, ಗ್ರೇನ್

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪಿಸ್ತೂಲು ಸ್ಪರ್ಧೆಗಳ ಬಗ್ಗೆ ಬಂದ ಬರಹವನ್ನು ಕೊಪ್ಪದಲ್ಲಿರುವ ನನ್ನ ಅಕ್ಕ ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಿದಳು. ಹಿಂದೆಯೇ ಒಂದು ವಾಯ್ಸ್ ಮೆಸೇಜು: "ಏನೋ ಇದು, ಅಲ್ಲಿಯವರೆಲ್ಲ ಮನೇಲಿ ಕೂತು ಬಾಂಬು ಕಟ್ತಾರಂತೆ. ನೀನೂ ಅದೇ ಮಾಡೋದೇನೋ?" ಅಕ್ಕನಿಗೆ ಎಪ್ಪತ್ತಮೂರು. ಪೇಪರಿನಲ್ಲಿ ಬಂದದ್ದೆಂದರೆ ಅವಳಿಗೆ ಪಂಚಾಂಗದಲ್ಲಿ ಬಂದಷ್ಟೇ ಖಚಿತ. ಅವಳಿಗೆ ಫೋನಿನಲ್ಲಿ ಸಮಜಾಯಿಷಿ ಹೇಳಿ ಸಾಕಾಗಿ ಅಮೆರಿಕದ ಓಹಿಯೊ ರಾಜ್ಯದಿಂದ ನಿಮಗೇ ಬರೆಯುತ್ತಿದ್ದೇನೆ.

ಬರಹ ಒಟ್ಟಾರೆ ಚೆನ್ನಾಗಿಯೇ ಇದೆ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಐವತ್ತು ಗಜ ದೂರದ ಕಪ್ಪು ಚುಕ್ಕೆಗೆ ಹೊಡೆಯುವ 'ಬುಲ್ಸ್‌ಐ' ಸ್ಪರ್ಧೆಯ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಾರೆಂದು ನಾನು ಅಂದುಕೊಂಡೇ ಇರಲಿಲ್ಲ. ಆದರೆ ಸ್ಪರ್ಧಿಗಳು ತಮ್ಮ ತೋಟಾಗಳನ್ನು (ಹಿತ್ತಾಳೆ ಕೇಸು, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು) ತಾವೇ ತುಂಬಿಕೊಳ್ಳುವ ವಿಷಯ ಬರುವ ಒಂದು ಪ್ಯಾರಾದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, '185 ಗ್ರಾಂ ತೂಕದ ಗುಂಡಿಗೆ 4 ಗ್ರಾಂ ಮದ್ದು' ಎಂಬ ಮಾತು. ಎರಡನೆಯದು, 'ಮದ್ದು ಹೆಚ್ಚಿದಷ್ಟೂ ಗುಂಡು ನೆಟ್ಟಗೆ ಹೋಗುತ್ತದೆ' ಎಂಬುದು. ಮೊದಲನೆಯದನ್ನು ಓದಿ ನಕ್ಕೆ. ಎರಡನೆಯದನ್ನು ಓದಿ ನಗು ಬರಲಿಲ್ಲ.

ಲೇಖಕರು ನೋಡಿದ ಇಂಗ್ಲಿಷ್ ಬರಹದಲ್ಲಿ ಇದ್ದದ್ದು ಗ್ರೇನ್ ಎಂದಿರಬೇಕು. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಒಂದು ಪೌಂಡಿಗೆ 7000 ಗ್ರೇನ್. ಗುಂಡಿನ ತೂಕವನ್ನೂ ಮದ್ದಿನ ತೂಕವನ್ನೂ ಇಲ್ಲಿ ಇವತ್ತಿಗೂ ಈ ಹಳೆಯ ಲೆಕ್ಕದಲ್ಲೇ ಹೇಳುತ್ತಾರೆ. 185 ಗ್ರೇನ್ ಅಂದರೆ ಹೆಚ್ಚು ಕಡಿಮೆ 12 ಗ್ರಾಂ. 185 ಗ್ರಾಂ ಗುಂಡು ಎಂದರೆ ಒಂದು ಸೇಬುಹಣ್ಣಿನಷ್ಟು ಭಾರ, ಅದನ್ನು ಪಿಸ್ತೂಲಿನಿಂದಲ್ಲ, ಕೋಟೆಯ ಮೇಲಿನ ಫಿರಂಗಿಯಿಂದ ಹಾರಿಸಬೇಕು.

ನಾನು ಅಕ್ಕಸಾಲಿಯ ಮಗ. ಕೊಪ್ಪದ ಪೇಟೆಯಲ್ಲಿ ಅಪ್ಪನದು ಎಂಟಡಿ ಅಗಲದ ಅಂಗಡಿ. ನಮ್ಮ ಕಡೆಯ ಲೆಕ್ಕದಲ್ಲೇ ಹೇಳಿದರೆ ಓದುಗರಿಗೆ ಬೇಗ ತಿಳಿದೀತು. ಬ್ರಿಟಿಷರು 1833ರಲ್ಲಿ ತೊಲದ ತೂಕವನ್ನು 180 ಗ್ರೇನ್ ಎಂದು ಗೊತ್ತುಮಾಡಿದರು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅದಕ್ಕೇ ಅಪ್ಪ ಜಾರ್ಜ್ ದೊರೆಯ ಒಂದು ರೂಪಾಯಿಯನ್ನು ತಕ್ಕಡಿಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರು, ತೊಲದ ಬಟ್ಟಾಗಿ. ತೊಲಕ್ಕೆ 96 ಗುಲಗಂಜಿ. ಅಂದರೆ ಒಂದು ಗುಲಗಂಜಿ ಎರಡು ಗ್ರೇನಿಗೆ ಚೂರು ಕಡಿಮೆ. ನಿಮ್ಮ ಲೇಖಕರ 185ರ ಗುಂಡು ಒಂದು ತೊಲ, ಮೇಲೆ ಎರಡೂವರೆ ಗುಲಗಂಜಿಯ ಆಸುಪಾಸು. ಅದರ ಹಿಂದೆ ಹಾಕುವ ಮದ್ದು? ಬರೀ ಎರಡು ಗುಲಗಂಜಿ ತೂಕ! ಅಂಗೈಯಲ್ಲಿ ಹಾಕಿಕೊಂಡರೆ ಚಿಟಿಕೆ ನಶ್ಯದಷ್ಟು. ಇದೇ 4 ಗ್ರಾಂ ಆದರೆ ಸುಮಾರು 62 ಗ್ರೇನ್ ಆಗುತ್ತದೆ, ಹದಿನೈದು ಪಟ್ಟು. .45 ಎಸಿಪಿ ಎಂಬ, ಅಂದರೆ ಸುಮಾರು 0.45 ಇಂಚು ದಪ್ಪದ ಗುಂಡಿನ, ತೋಟಾದ ಹಿತ್ತಾಳೆ ಕೇಸಿಗೆ ಅದರ ಅರ್ಧವೂ ಹಿಡಿಸುವುದಿಲ್ಲ. ಹಿಡಿಸುವುದಿಲ್ಲವಲ್ಲ, ಹಾಗಾದರೆ ಅಪಾಯವೇನು ಎನ್ನಬೇಡಿ. 'ಹಿಡಿಸಿದಷ್ಟು ಹಾಕೋಣ' ಎನ್ನುವ ಮನುಷ್ಯ ಎಲ್ಲ ದೇಶದಲ್ಲೂ ಇದ್ದಾನೆ.

ಆ ಮನುಷ್ಯ ನಮ್ಮ ಮಲೆನಾಡಿನಲ್ಲಿ ಹುಟ್ಟಲು ಕಾರಣವೂ ಇದೆ. ನಮ್ಮ ಮನೆಯ ಹಿಂದಿನ ಗದ್ದೆಯವರ ಹತ್ತಿರ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಹಂದಿ ಬಂದರೆ ಹೆದರಿಸಲು ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಜಡಿಗೋಲು ಹಾಕಿ ಜಡಿಯುತ್ತಿದ್ದರು. ಅಳತೆ ಎಂದರೆ ಬಿದಿರಿನ ಒಂದು ಚಿಕ್ಕ ಕೊಳವೆ. ಕೊಳವೆ ತಲೆ ತುಂಬಿತೋ, ಗೋಪುರ ಆಯಿತೋ, ಯಾರೂ ನೋಡುತ್ತಿರಲಿಲ್ಲ. ಚೂರು ಹೆಚ್ಚಾದರೆ ಭುಜಕ್ಕೆ ಒದೆತ ಜಾಸ್ತಿ, ಹೊಗೆ ಜಾಸ್ತಿ, ಸಾಮಾನ್ಯವಾಗಿ ಅಷ್ಟೆ. ಈ ತೋಟಾಗಳಿಗೆ ಹಾಕುವ ಹೊಗೆಯಿಲ್ಲದ ಮದ್ದು ಬೇರೆ ಜಾತಿ. ಅದು ಬಯಲಲ್ಲಿ ಬೆಂಕಿ ಮುಟ್ಟಿಸಿದರೆ ಭುಸುಗುಟ್ಟಿ ಉರಿದು ಹೋಗುತ್ತದೆ. ಅದನ್ನೇ ಇಕ್ಕಟ್ಟಿನಲ್ಲಿ ಹಾಕಿ ಉರಿಸಿದರೆ ಒತ್ತಡ ಏರಿದಷ್ಟೂ ಉರಿ ಬಿರುಸಾಗುತ್ತದೆ, ಉರಿ ಬಿರುಸಾದಷ್ಟೂ ಒತ್ತಡ ಏರುತ್ತದೆ. ಹೀಗಾಗಿ ಮದ್ದು ಅರ್ಧದಷ್ಟು ಹೆಚ್ಚಿದರೆ ಒತ್ತಡ ಅರ್ಧದಷ್ಟಕ್ಕೆ ನಿಲ್ಲುವುದಿಲ್ಲ. ಗದ್ದೆಯವರ ಬಿದಿರು ಕೊಳವೆ ಇಲ್ಲಿ ನಡೆಯದು.

ಇನ್ನು ಎರಡನೆಯ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರ ಉದ್ದವಾದರೆ ನೀವು ಕತ್ತರಿ ಹಾಕುತ್ತೀರಿ ಎಂದು ಗೊತ್ತು. ಮೇಲಿನ ಎರಡು ಪ್ಯಾರಾ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ.

ಓಹಿಯೊದಲ್ಲಿ, ಎರೀ ಸರೋವರದ ದಡದಲ್ಲಿ, ಕ್ಯಾಂಪ್ ಪೆರಿ ಎಂಬ ಜಾಗವಿದೆ. 1907ರಿಂದ ರಾಷ್ಟ್ರೀಯ ಮಟ್ಟದ ಶೂಟಿಂಗ್ ಪಂದ್ಯಗಳು ನಡೆದ ಊರು ಅದು. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಿಂದ ಕಾರಿನಲ್ಲಿ ಎರಡು ತಾಸು. ಟೂಲ್‌ರೂಮಿನಲ್ಲಿ ನನ್ನ ಪಕ್ಕದ ಗ್ರೈಂಡರಿನವನು ಒಂದು ಜುಲೈ ತಿಂಗಳು ಎಳೆದುಕೊಂಡು ಹೋದ. ಸಾಲಾಗಿ ನಿಂತವರು, ಎಡಗೈ ಪ್ಯಾಂಟಿನ ಜೇಬಿನಲ್ಲಿ, ಬಲಗೈ ಉದ್ದಕ್ಕೆ ಚಾಚಿ. ಕೆರೆಯ ಗಾಳಿ ಬೀಸಿದಾಗ ಅಷ್ಟೂ ತೋಳುಗಳು ಒಟ್ಟಿಗೆ ಹೊಯ್ದಾಡುತ್ತಿದ್ದವು, ಭತ್ತದ ತೆನೆಯ ಹಾಗೆ. ಅವತ್ತೇ ಹಿಡಿದ ಹುಚ್ಚು.

ಪೂರ್ತಿ ಪಂದ್ಯಕ್ಕೆ 2700 ಅಂಕ: .22 ಪಿಸ್ತೂಲಿನಲ್ಲಿ 900, ಕೇಸಿನ ತಳದ ನಡುವೆ ಕೇಪಿರುವ ಸೆಂಟರ್‌ಫೈರಿನಲ್ಲಿ 900, .45ರಲ್ಲಿ 900. ಐವತ್ತು ಗಜದಲ್ಲಿ ನಿಧಾನವಾಗಿ ಹತ್ತು ನಿಮಿಷಕ್ಕೆ ಹತ್ತು ಈಡು. ಇಪ್ಪತ್ತೈದು ಗಜದಲ್ಲಿ ಇಪ್ಪತ್ತು ಸೆಕೆಂಡಿಗೆ ಐದು, ಆಮೇಲೆ ಹತ್ತೇ ಸೆಕೆಂಡಿಗೆ ಐದು. ಹತ್ತು ಸೆಕೆಂಡಿಗೆ ಐದು ಎಂದರೆ, ಒಂದು ಹೊಡೆತಕ್ಕೆ ಮೇಲೆ ಎದ್ದ ಪಿಸ್ತೂಲು ಕೆಳಗಿಳಿದು, ಗುರಿ ಮತ್ತೆ ಕೂಡಿ, ಟ್ರಿಗರ್ ಎಳೆಯಲು ಎರಡು ಸೆಕೆಂಡು. ಈ ಎರಡು ಸೆಕೆಂಡಿಗಾಗಿಯೇ ಗುಂಡಿನ ತೂಕ ಆರಿಸುವುದು, ಮದ್ದು ಆರಿಸುವುದು, ಎಲ್ಲ. ಕಾಗದದ ಗುರಿಗೆ ಪೆಟ್ಟು ಜೋರಾಗಿ ಬಿದ್ದರೂ ಹತ್ತೇ ಅಂಕ, ಮೆತ್ತಗೆ ಬಿದ್ದರೂ ಹತ್ತೇ ಅಂಕ.

.45ರ ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡದ್ದು 230 ಗ್ರೇನ್ ಗುಂಡಿನೊಂದಿಗೆ, ಸೆಕೆಂಡಿಗೆ ಸುಮಾರು 830 ಅಡಿ ವೇಗದಲ್ಲಿ. ಅದು ಯುದ್ಧಕ್ಕೆ. ಸ್ಪರ್ಧೆಯವರು 200 ಗ್ರೇನಿಗೆ, 185 ಗ್ರೇನಿಗೆ ಇಳಿಯುತ್ತಾರೆ, ವೇಗವನ್ನೂ 750–770 ಅಡಿಯ ಸುತ್ತಮುತ್ತ ಇಡುತ್ತಾರೆ. ತೂಕವನ್ನೂ ವೇಗವನ್ನೂ ಗುಣಿಸಿ ನೋಡಿದರೆ 185ರಲ್ಲಿ ಹೆಚ್ಚು ಕಡಿಮೆ ಕಾಲುಭಾಗ ಇಳಿಯಿತು. ಕೈಗೆ ಆ ಕಾಲುಭಾಗ ಬಹಳ ದೊಡ್ಡದು. ನನ್ನ ಹಾಗೆ ಅರವತ್ತೇಳರ ಮಣಿಕಟ್ಟಿಗಂತೂ ಕೇಳಲೇ ಬೇಡಿ.

ಹಾಗಾದರೆ ಇನ್ನೂ ಇಳಿಸಬಹುದಲ್ಲ? ಇಳಿಸುತ್ತಾ ಹೋದರೆ ಪಿಸ್ತೂಲು ಮುಷ್ಕರ ಹೂಡುತ್ತದೆ. ಅದರ ಮೇಲಿನ ಸ್ಲೈಡು ಹಿಂದಕ್ಕೆ ಸರಿದು ಖಾಲಿ ಕೇಸನ್ನು ಹೊರಗೆಸೆದು ಹೊಸದನ್ನು ಎತ್ತಿಕೊಳ್ಳುವುದು ಈ ಒದೆತದ ಬಲದಿಂದಲೇ. ಒದೆತ ಸಾಲದೆ ಹೋದರೆ ಕೇಸು ಅರ್ಧದಲ್ಲೇ ಸಿಕ್ಕಿಕೊಂಡು ಹೊಗೆ ಬಿಡುವ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಮೆತ್ತನೆಯ ತೋಟಾ ಮಾಡುವವರು ಒಳಗಿನ ಸ್ಪ್ರಿಂಗನ್ನೂ ಬದಲಿಸುತ್ತಾರೆ. ಕಂಪನಿಯಿಂದ ಬರುವ 16 ಪೌಂಡ್ ಬಿಗುವಿನದನ್ನು ತೆಗೆದು 12ರ ಆಸುಪಾಸಿನದನ್ನು ಹಾಕುತ್ತಾರೆ. ಗುಂಡು, ಮದ್ದು, ಸ್ಪ್ರಿಂಗು ಮೂರೂ ಒಂದೇ ಸಂಸಾರ. ಒಂದನ್ನು ಮುಟ್ಟಿದರೆ ಮಿಕ್ಕೆರಡು ಮುನಿಸಿಕೊಳ್ಳುತ್ತವೆ.

ಗುಂಡಿನ ಮೂತಿಯೂ ಮುಖ್ಯ. ಉರುಟು ಮೂತಿಯ ಗುಂಡು ಕಾಗದವನ್ನು ಹರಿದುಕೊಂಡು ಹೋಗುತ್ತದೆ, ತೂತಿನ ಅಂಚು ಮುಚ್ಚಿಕೊಳ್ಳುತ್ತದೆ. ವಾಡ್‌ಕಟರ್ ಎಂಬ ಚಪ್ಪಟೆ ಮೂತಿಯದು ಅಕ್ಕಸಾಲಿಯ ಉಳಿ ಹೊಡೆದಷ್ಟು ನೀಟಾಗಿ ದುಂಡು ಬಿಲ್ಲೆ ಕತ್ತರಿಸುತ್ತದೆ. ತೂತು ಗೆರೆ ಮುಟ್ಟಿತೋ ಇಲ್ಲವೋ ಎಂಬ ಜಗಳ ಬರುವುದಿಲ್ಲ. .45ರಲ್ಲಿ ಪೂರ್ತಿ ಚಪ್ಪಟೆ ಇದ್ದರೆ ಒಳಗೆ ಏರುವಾಗ ತೊಡಕಾಗುತ್ತದೆಂದು ಮೂತಿ ಮೊಟಕಾಗಿದ್ದು ಹೆಗಲು ಚೂಪಾಗಿರುವ ಸೆಮಿ ವಾಡ್‌ಕಟರ್. .38 ಸ್ಪೆಷಲ್ ರಿವಾಲ್ವರಿನಲ್ಲಾದರೆ 148 ಗ್ರೇನಿನ ಪೂರ್ತಿ ಚಪ್ಪಟೆ ಗುಂಡು, ಹಿಂಭಾಗ ಟೊಳ್ಳು, ಕೇಸಿನ ಬಾಯಿಯ ಮಟ್ಟಕ್ಕೆ ಒಳಗೆ ಕೂತಿರುತ್ತದೆ. ನೋಡಿದರೆ ತೋಟಾದಲ್ಲಿ ಗುಂಡೇ ಇಲ್ಲವೇನೋ ಅನ್ನಿಸಬೇಕು.

ಸೀಸದ ಗುಂಡನ್ನು ನಾನೇ ಎರಕ ಹೊಯ್ಯುತ್ತೇನೆ. ಅಪ್ಪನ ಅಂಗಡಿಯ ಗಂಧ ಅಲ್ಲೇ ಸ್ವಲ್ಪ ಸಿಗುವುದು. ಬರೀ ಸೀಸ ತೀರಾ ಮೆದು. ಆಂಟಿಮನಿ ಗಡಸುತನ ಕೊಡುತ್ತದೆ. ತವರ ಸೇರಿದರೆ ಲೋಹ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಅಚ್ಚು ತಣ್ಣಗಿದ್ದಾಗ ಹೊಯ್ದ ಮೊದಲ ಹತ್ತಿಪ್ಪತ್ತು ಗುಂಡುಗಳು ಮುದುಕಿಯ ಕೆನ್ನೆಯಂತೆ ಸುಕ್ಕು ಸುಕ್ಕು, ಅವನ್ನು ವಾಪಸು ಪಾತ್ರೆಗೆ. ಅಪ್ಪ ಮೂಸೆಗೆ ಬಿಳಿಗಾರ ಹಾಕಿದ ಹಾಗೆ ನಾನು ಸೀಸಕ್ಕೆ ಜೇನುಮೇಣದ ಚೂರು ಹಾಕಿ ಕಲಕುತ್ತೇನೆ, ಕಿಟ್ಟ ಮೇಲೆ ಬರುತ್ತದೆ. ಆಮೇಲೆ ತೂಕ. 200 ಗ್ರೇನಿನ ಅಚ್ಚಿನಿಂದ ಬಂದ ಗುಂಡು ಒಂದೆರಡು ಗ್ರೇನ್ ಹಗುರ ಬಂದರೆ ಒಳಗೆ ಗಾಳಿ ಗುಳ್ಳೆ ಇದೆ ಎಂದೇ ಅರ್ಥ. ಹೊರಗೆ ಎಷ್ಟು ಚೆಂದ ಹೊಳೆದರೂ ಅದು ಪಾತ್ರೆಗೇ ಹೋಗಬೇಕು. ಈ ಕೆಲಸ ಗರಾಜಿನ ಬಾಗಿಲು ಪೂರ್ತಿ ತೆರೆದು, ಮೊಮ್ಮಕ್ಕಳು ಮನೆಯಲ್ಲಿಲ್ಲದ ದಿನ. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಹಬೆಯಾಗಿ ಸಿಡಿದು ಲೋಹವನ್ನು ಮುಖಕ್ಕೆ ಎರಚುತ್ತದೆ. ಸೀಸ ಮೈಗೆ ವಿಷ. ಕೈ ತೊಳೆಯದೆ ಕಾಫಿ ಲೋಟ ಮುಟ್ಟುವ ಹಾಗಿಲ್ಲ ಎಂಬುದು ಹೆಂಡತಿಯ ಕಾನೂನು, ನನ್ನದೂ.

ಇಪ್ಪತ್ತೈದು ಗಜಕ್ಕೆ ನನ್ನ ಈ 200ರ ಸೀಸದ ಗುಂಡು ಧಾರಾಳ ಸಾಕು. ಐವತ್ತು ಗಜಕ್ಕೆ ಅದನ್ನೇ ನೆಚ್ಚಿಕೊಂಡು ಮೂರು ವರ್ಷ ಅಂಕ ಕಳೆದುಕೊಂಡೆ. ಐವತ್ತು ಗಜದಲ್ಲಿ ಹತ್ತರ ವೃತ್ತದ ಅಗಲ 3.36 ಇಂಚು. ಮರಳು ಚೀಲದ ಮೇಲೆ ಪಿಸ್ತೂಲು ಊರಿ ಹತ್ತು ಹತ್ತು ಈಡು ಹೊಡೆದು ನೋಡಿದೆ. ನನ್ನ ಎರಕದ ಗುಂಡುಗಳು ಮೂರೂವರೆ ಇಂಚಿನಲ್ಲಿ ಚದುರಿದವು. ಅಂದರೆ ನನ್ನ ಕೈ ಒಂದಿಷ್ಟೂ ನಡುಗದೆ ಇದ್ದರೂ ಒಂದೆರಡು ಒಂಬತ್ತಕ್ಕೆ ಹೋಗುವುದು ಗ್ಯಾರಂಟಿ. ಅಂಗಡಿಯಿಂದ ತಂದ, ತಾಮ್ರದ ಹೊದಿಕೆಯ 185 ಗ್ರೇನಿನವು ಎರಡು ಇಂಚಿಗೆ ಒಟ್ಟಾದವು. ಸ್ವಂತ ಎರಕದ ಅಭಿಮಾನ ಅವತ್ತು ಅರ್ಧ ಇಳಿಯಿತು. ಈಗ ದೂರಕ್ಕೆ ಕೊಂಡದ್ದು, ಹತ್ತಿರಕ್ಕೆ ಮನೆಯದು.

ಮದ್ದಿನ ಆಯ್ಕೆಗೆ ಬರುತ್ತೇನೆ. ಪಿಸ್ತೂಲಿನ ನಳಿಗೆ ಐದೇ ಇಂಚು. ಗುಂಡು ಹೊರಗೆ ಹೋಗುವಷ್ಟರಲ್ಲಿ ಮದ್ದು ಉರಿದು ಮುಗಿದಿರಬೇಕು. ನಿಧಾನ ಉರಿಯುವ ಮದ್ದು ಬಿರುಸಿನ ಮ್ಯಾಗ್ನಮ್ ತೋಟಾಗಳಿಗೆ ಸರಿ. ನಮ್ಮ ಮೆತ್ತನೆಯ ಈಡಿಗೆ ಅದನ್ನು ಹಾಕಿದರೆ ಅರೆಬೆಂದ ಪುಡಿ ನಳಿಗೆಯಲ್ಲೆಲ್ಲ ಉಳಿಯುತ್ತದೆ, ವೇಗ ಒಂದೊಂದು ಈಡಿಗೆ ಒಂದೊಂದು ಥರ. ಆದ್ದರಿಂದ ಬೇಗ ಉರಿಯುವ ಮದ್ದು, ಅದೂ ಕೊಂಚವೇ. 1898ರಿಂದ ನಡೆದುಬಂದಿರುವ 'ಬುಲ್ಸ್‌ಐ' ಎಂಬ ಮದ್ದೇ ಇದೆ, ಆಟದ ಹೆಸರೇ ಅದರದ್ದೂ. ಸಣ್ಣ ಸಣ್ಣ ಚಕ್ಕೆ. ವಿಂಚೆಸ್ಟರ್ 231 ಎಂಬುದು ಬೇರೆ, ನುಣ್ಣನೆಯ ಕಾಳು, ಅಳತೆಯ ಯಂತ್ರದಲ್ಲಿ ರಾಗಿಯ ಹಾಗೆ ಸರಸರ ಇಳಿಯುತ್ತದೆ. ಅದೇ ಮದ್ದು ಎಚ್‌ಪಿ 38 ಎಂಬ ಇನ್ನೊಂದು ಹೆಸರಿನಲ್ಲೂ ಸಿಗುತ್ತದೆ. ನಮ್ಮೂರಿನ ಒಂದೇ ಉಪ್ಪಿನಕಾಯಿಗೆ ಎರಡು ಲೇಬಲ್ ಅಂಟಿಸಿದ ಹಾಗೆ. ಎರಡರಲ್ಲಿ ಯಾವುದು ಮೇಲೆಂದು ಕ್ಲಬ್ಬಿನಲ್ಲಿ ಇಬ್ಬರು ಹಿರಿಯರು ಎಷ್ಟೋ ವರ್ಷ ವಾದ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಯೂನಿಕ್ ಎಂಬ ಹಳೆಯ ಮದ್ದು ಒಳ್ಳೆಯದೇ, ಆದರೆ ಚಕ್ಕೆ ದೊಡ್ಡದು. ಗಟ್ಟಿ ಅವಲಕ್ಕಿಯ ಹಾಗೆ ಅಳತೆಯ ಕಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಒಮ್ಮೆ ಕಡಿಮೆ ಬೀಳುತ್ತದೆ, ಮುಂದಿನ ಸಲ ಆ ಬಾಕಿಯನ್ನೂ ಸೇರಿಸಿ ಬೀಳುತ್ತದೆ. ಫಿನ್ಲೆಂಡಿನ ವಿಹ್ಟವೂರಿ ಎನ್ 310, ಎನ್ 320 ಚೊಕ್ಕಟವಾಗಿ ಉರಿಯುತ್ತವೆ. ದುಡ್ಡು ಜಾಸ್ತಿ. ನಾನು ಬುಲ್ಸ್‌ಐಗೇ ಅಂಟಿಕೊಂಡಿದ್ದೇನೆ. ಮಸಿ ಹೆಚ್ಚು ಎನ್ನುತ್ತಾರೆ, ಇರಲಿ, ಮಸಿ ಒರೆಸಲು ಬರುತ್ತದೆ.

ಎಷ್ಟು ಹಾಕುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಇದು ಜಂಭವಲ್ಲ, ಇಲ್ಲಿನ ಪದ್ಧತಿ. ಮದ್ದು ತಯಾರಿಸುವವರು ಯಾವ ಗುಂಡಿಗೆ ಎಷ್ಟರಿಂದ ಎಷ್ಟು ಎಂದು ಕೈಪಿಡಿ ಅಚ್ಚುಹಾಕುತ್ತಾರೆ. ಅದರ ಕೆಳಗಿನ ಅಂಕಿಯಿಂದ ಶುರು, ಒಂದು ಗ್ರೇನಿನ ಹತ್ತನೇ ಒಂದೆರಡು ಭಾಗದಷ್ಟು ಏರಿಸುತ್ತಾ ಪ್ರತಿ ಅಳತೆಗೂ ಹತ್ತು ಈಡು ಹೊಡೆದು ಗುರಿಯ ಕಾಗದ ನೋಡುವುದು. ತೂತುಗಳ ಗುಂಪು ಎಲ್ಲಿ ಬಿಗಿಯಾಗುತ್ತದೋ, ಸ್ಲೈಡು ಎಲ್ಲಿ ತಪ್ಪದೆ ಓಡುತ್ತದೋ, ಅಲ್ಲಿಗೆ ನಿಂತುಬಿಡುವುದು. ನನ್ನ ಅನುಭವದಲ್ಲಿ ಆ ಜಾಗ ಯಾವಾಗಲೂ ಕೈಪಿಡಿಯ ಮೇಲಿನ ಅಂಕಿಗಿಂತ ಬಹಳ ಕೆಳಗೇ ಸಿಕ್ಕಿದೆ. ನಿಮ್ಮ ಲೇಖಕರ 'ಹೆಚ್ಚಿದಷ್ಟೂ' ಎಂಬ ಮಾತು ತಲೆಕೆಳಗು ಎಂದು ನಾನು ಹೇಳುವುದು ಇದಕ್ಕೇ.

ಕಡಿಮೆ ಮದ್ದಿಗೂ ಅದರದ್ದೇ ಕಾಟ ಇದೆ. ಎರಡು ಗುಲಗಂಜಿ ಪುಡಿ ಅಷ್ಟು ದೊಡ್ಡ ಕೇಸಿನ ತಳದಲ್ಲಿ ಎಲ್ಲೋ ಕೂತಿರುತ್ತದೆ. .38 ಸ್ಪೆಷಲ್ ಅಂತೂ ಕರಿಮದ್ದಿನ ಕಾಲದ ಉದ್ದನೆಯ ಕೇಸು, ಒಳಗೆ ಬರೀ ಖಾಲಿ ಜಾಗ. ಪಿಸ್ತೂಲು ಕೆಳಗೆ ಬಾಗಿಸಿ ಎತ್ತಿದರೆ ಪುಡಿ ಮುಂದಕ್ಕೆ, ಮೇಲೆ ಹಿಡಿದು ಇಳಿಸಿದರೆ ಹಿಂದಕ್ಕೆ. ಉರಿ ಹತ್ತುವ ಪರಿ ಬದಲಾಗಿ ವೇಗವೂ ಬದಲಾಗುತ್ತದೆ. ಹಾಗಾಗಿ ನಿಧಾನದ ಸುತ್ತಿನಲ್ಲಿ ಪ್ರತಿ ಸಲವೂ ಒಂದೇ ರೀತಿ ಕೈ ಎತ್ತುವುದನ್ನು ರೂಢಿ ಮಾಡಿಕೊಳ್ಳಬೇಕು. ಮತ್ತೂ ಕೆಟ್ಟದ್ದು, ಕೈ ತಪ್ಪಿ ಎರಡು ಸಲ ಮದ್ದು ಬಿದ್ದರೂ ಆ ಕೇಸು ತುಂಬಿ ಹೊರಚೆಲ್ಲಿ ನಿಮ್ಮನ್ನು ಎಚ್ಚರಿಸುವುದಿಲ್ಲ. ಅದರ ಮೇಲೆ ಗುಂಡು ಆರಾಮವಾಗಿ ಕೂರುತ್ತದೆ.

ನನಗೆ ಆದದ್ದು ಅದರ ಉಲ್ಟಾ. ಹದಿನಾಲ್ಕು ವರ್ಷದ ಹಿಂದಿನ ಮಾತು. ಇಪ್ಪತ್ತು ಸೆಕೆಂಡಿಗೆ ಐದು ಈಡಿನ ಸುತ್ತು. ಎರಡು ಈಡು ಸರಿಯಾಗಿ ಹೋದವು. ಮೂರನೆಯದಕ್ಕೆ ಢಂ ಅನ್ನುವ ಬದಲು ಠುಸ್ ಅಂದಿತು. ಸೈಕಲ್ ಟ್ಯೂಬಿನ ವಾಲ್ವ್ ಕಿತ್ತ ಹಾಗೆ. ಬೆರಳು ನಾಲ್ಕನೆಯದಕ್ಕೆ ತಯಾರಾಗಿತ್ತು, ಗಡಿಯಾರ ಓಡುತ್ತಿತ್ತು. ಸ್ಲೈಡು ಅಲ್ಲಾಡದೆ ಇದ್ದದ್ದರಿಂದ ಬಚಾವು. ಪಿಸ್ತೂಲು ಕೆಳಗಿಟ್ಟು ಎಡಗೈ ಎತ್ತಿದೆ. ಆಮೇಲೆ ಬಿಚ್ಚಿ ನಳಿಗೆಯಲ್ಲಿ ಕಣ್ಣು ಹಾಯಿಸಿದರೆ ಬೆಳಕೇ ಬರಲಿಲ್ಲ. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಬರೀ ಪ್ರೈಮರಿನ ಕಿಡಿ, ಅಂದರೆ ನಮ್ಮ ಕಡೆಯ ಕೇಪು, ಗುಂಡನ್ನು ಎರಡು ಇಂಚು ನೂಕಿ ನಿಲ್ಲಿಸಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬಿ ಸೀಳುತ್ತಿತ್ತು. ಹಿತ್ತಾಳೆ ಸರಳು ಇಟ್ಟು ಮರದ ಕೊಡತಿಯಲ್ಲಿ ತಟ್ಟಿ ತೆಗೆದೆವು. ಆ ಗುಂಡು ಈಗಲೂ ನನ್ನ ಬೆಂಚಿನ ಮೇಲಿದೆ.

ಹೇಗಾಯಿತು ಎಂದು ಲೆಕ್ಕ ಹಾಕಿದೆ. ತೋಟಾ ತುಂಬುತ್ತಿದ್ದ ದಿನ ಬೆಳಿಗ್ಗೆ ಊರಿನಿಂದ ಫೋನು ಬಂದಿತ್ತು. ಇದೇ ಅಕ್ಕ. ಹಲಗೆಯಲ್ಲಿ ಐವತ್ತು ತೂತು, ಐವತ್ತು ಕೇಸು. ಇಪ್ಪತ್ತೆಂಟನೆಯದೋ ಇಪ್ಪತ್ತೊಂಬತ್ತನೆಯದೋ ಆಗಿದ್ದಾಗ ಎದ್ದು ಹೋದೆ. ಅರ್ಧ ತಾಸು ಮಾತಾಡಿ ಬಂದು ಮುಂದುವರಿಸಿದೆ, ನಡುವಿನ ಒಂದು ಬಿಟ್ಟುಹೋಯಿತು. ಈಗ ಫೋನು ಇನ್ನೊಂದು ಕೋಣೆಯಲ್ಲಿ. ಐವತ್ತಕ್ಕೂ ಮದ್ದು ಬಿದ್ದ ಮೇಲೆ ಟಾರ್ಚು ಬಿಟ್ಟು ಒಂದೊಂದನ್ನೂ ಬಾವಿ ಇಣುಕಿದ ಹಾಗೆ ಇಣುಕುತ್ತೇನೆ. ನೀರಿನ ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ಆಮೇಲೇ ಗುಂಡು ಕೂರಿಸುವುದು. ಕೊನೆಗೆ ಒಂದೊಂದು ತೋಟಾವನ್ನೂ ಬಿಚ್ಚಿದ ನಳಿಗೆಗೆ ಹಾಕಿ ನೋಡುತ್ತೇನೆ. ಟಕ್ಕೆಂದು ತಾನಾಗಿ ಕೂತು, ಮಗುಚಿದರೆ ತಾನಾಗಿ ಬಿದ್ದರೆ ಪಾಸು.

ತಕ್ಕಡಿಯ ಮಾತು ಹೇಳದಿದ್ದರೆ ಆಗದು. ಅಪ್ಪ ಚಿನ್ನ ತೂಗುವಾಗ ಅಂಗಡಿಯ ಬಾಗಿಲು ಓರೆ ಮಾಡಿ, ಬಾಯಿಯ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ಉಸಿರು ಹಿಡಿಯುತ್ತಿದ್ದರು. ಗಿರಾಕಿ ಆಗ ಮಾತಾಡಿದರೆ ಉತ್ತರ ಬರುತ್ತಿರಲಿಲ್ಲ. ಮುಳ್ಳು ನಿಂತ ಮೇಲೆಯೇ ಉತ್ತರ. ನನ್ನ ಗರಾಜಿನ ಬೆಂಚಿನ ಮೇಲಿರುವುದು ಬೀಮ್ ತಕ್ಕಡಿ, ಗ್ರೇನಿನ ಹತ್ತನೇ ಒಂದು ಭಾಗ ತೋರಿಸುತ್ತದೆ, ಗುಲಗಂಜಿಯ ಹತ್ತೊಂಬತ್ತನೇ ಒಂದು ಪಾಲು ಅನ್ನಿ. ಚಳಿಗಾಲದಲ್ಲಿ ಹೀಟರಿನ ಗಾಳಿ ಬಂದರೂ ಅದು ತೂಗಾಡುತ್ತದೆ. ನಾನು ಹೀಟರು ಆರಿಸಿ, ಉಸಿರು ಹಿಡಿದು ಕೂತಿರುವಾಗ ಹೆಂಡತಿ ಬಾಗಿಲಲ್ಲಿ ನಿಂತು ಏನಾದರೂ ಕೇಳಿದರೆ ನನ್ನಿಂದಲೂ ಉತ್ತರ ಹೋಗುವುದಿಲ್ಲ. "ನಿಮ್ಮಪ್ಪನೇ" ಎಂದು ಹೋಗುತ್ತಾಳೆ.

ಒಂದು ಮಾತು ಊರಿನ ಹುಡುಗರಿಗೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸು ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸು ಬೇಕೇ ಬೇಕು. ಮನೆಯಲ್ಲಿ ಕೋವಿಯ ಲೈಸೆನ್ಸು ಇದೆ ಎಂದು ತೋಟಾ ತಯಾರಿಸಲು ಕೂತರೆ ಆಗುವುದಿಲ್ಲ. ಪಟಾಕಿಯ ಮದ್ದು ಬಿಚ್ಚಿ ಕೇಸಿಗೆ ಸುರಿಯುವ ಪ್ರತಿಭೆಗಳೂ ಇದ್ದಾವೆ ಎಂದು ಕೇಳಿದ್ದೇನೆ, ಅವರಿಗೆ ಆಸ್ಪತ್ರೆಯ ವಿಳಾಸ ಬಿಟ್ಟು ಬೇರೆ ಹೇಳುವುದಿಲ್ಲ. ಪಿಸ್ತೂಲು ಕಲಿಯಬೇಕೆನ್ನುವವರಿಗೆ ಇದ್ಯಾವುದರ ಅಗತ್ಯವೂ ಇಲ್ಲ. 10 ಮೀಟರ್ ಏರ್ ಪಿಸ್ತೂಲಿಗೆ ಮದ್ದೇ ಬೇಡ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನದು .22 ತೋಟಾ. ಅದರ ಕಿಡಿಮದ್ದು ಕೇಸಿನ ಅಂಚಿನ ಒಳಗೇ ಇರುತ್ತದೆ, ಒಂದು ಸಲ ಹೊಡೆದರೆ ಅಂಚು ಜಜ್ಜಿಹೋಗುತ್ತದೆ, ಮತ್ತೆ ತುಂಬುವ ಪ್ರಶ್ನೆಯೇ ಇಲ್ಲ.

ಹಣ ಉಳಿಸಲು ಹೀಗೆ ಮಾಡುತ್ತಾರೆ ಎಂದೂ ನಿಮ್ಮ ಬರಹದಲ್ಲಿದೆ. ಅದು ಅರ್ಧ ನಿಜ. ಒಂದು ಪೌಂಡ್ ಮದ್ದಿನಲ್ಲಿ, ಎರಡು ಗುಲಗಂಜಿ ಲೆಕ್ಕ ಹಿಡಿದರೆ, ಸಾವಿರದ ಏಳುನೂರರ ಮೇಲೆ ತೋಟಾ ಆಗುತ್ತವೆ. ಹಿತ್ತಾಳೆ ಕೇಸನ್ನು ಹೆಕ್ಕಿ ತಂದು ಹತ್ತಾರು ಸಲ ಬಳಸುತ್ತೇವೆ. ಆದರೆ ಕೋವಿಡ್ ಕಾಲದಲ್ಲಿ ಪ್ರೈಮರ್ ಎಂಬುದು ಅಂಗಡಿಯಲ್ಲಿ ಕಣ್ಣಿಗೇ ಬೀಳಲಿಲ್ಲ. ಇನ್ನು ಪ್ರೆಸ್ಸು, ಡೈ, ತಕ್ಕಡಿ, ಅಚ್ಚು ಎಂದು ನಾನು ಸುರಿದ ಡಾಲರುಗಳ ಲೆಕ್ಕ ಹೆಂಡತಿಯ ಹತ್ತಿರ ಇದೆ. ಉಳಿತಾಯ ಅನ್ನುವ ಶಬ್ದವನ್ನು ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಬಳಸುವುದಿಲ್ಲ.

ಆದ್ದರಿಂದ ಮುಂದಿನ ಭಾನುವಾರ ಒಂದೇ ಸಾಲಿನ ತಿದ್ದುಪಡಿ ಹಾಕಿ: 'ಗ್ರಾಂ ಎಂದಿರುವಲ್ಲಿ ಗ್ರೇನ್ ಎಂದು ಓದಿಕೊಳ್ಳಬೇಕು, ಮದ್ದು ಹೆಚ್ಚಿದಷ್ಟೂ ಎಂಬ ವಾಕ್ಯವನ್ನು ಓದಲೇಬಾರದು.' ನನ್ನ ಹೆಸರು ಅಚ್ಚುಹಾಕಬೇಡಿ. ಅಕ್ಕ ದಿನಾ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಕೂರುವವಳು.

ಅವಳಿಗೆ ಗ್ರೇನಿನ ಲೆಕ್ಕ ತಿಳಿಯಲಿ ಎಂದು ನಿನ್ನೆ ರಾತ್ರಿ ಒಂದು ಫೋಟೊ ಕಳಿಸಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ 185ರ ಗುಂಡು, ಇನ್ನೊಂದರಲ್ಲಿ ಅಪ್ಪನ ಜಾರ್ಜ್ ರೂಪಾಯಿ, ಪಕ್ಕದಲ್ಲಿ ಮೂರು ಗುಲಗಂಜಿ. ಬಾಂಬಿನ ಬಗ್ಗೆ ಅವಳು ಮತ್ತೆ ಏನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು: "ಆ ರೂಪಾಯಿ ನಿನ್ನ ಹತ್ರ ಇತ್ತೇನೋ? ಅಪ್ಪ ಹೋದಾಗಿಂದ ನಾನು ಪೆಟ್ಟಿಗೆ ಪೆಟ್ಟಿಗೆ ಹುಡುಕಿದ್ದೆ."

ಇಂತಿ,
ಕೊಪ್ಪದ ಒಬ್ಬ ಓದುಗ
ಓಹಿಯೊ, ಅಮೆರಿಕ